ನಕ್ಷೆಗೆ ಬಣ್ಣ ಹಾಕುವವರು
ನಮ್ಮ ಯೋಜನಾ ಕಚೇರಿಯಲ್ಲಿ ಹಳ್ಳಿಗಳ ನಕ್ಷೆಗೆ ಬಣ್ಣ ಹಾಕುವವರು ಒಬ್ಬರಿದ್ದಾರೆ. ಉಳುವ ಭೂಮಿಗೆ ಹಸಿರು, ಮನೆ ಕಟ್ಟುವ ಭೂಮಿಗೆ ಹಳದಿ, ಇಷ್ಟೇ ಅವರ ಪ್ರಪಂಚ. ಕೋಪ ಮೂಗಿನ ತುದಿಯಲ್ಲೇ. ಮೇಜಿನ ಮೇಲೆ ಯಾರಾದರೂ ಟೀ ಲೋಟ ಇಟ್ಟರೆ, "ಎತ್ರೀ, ಮೂರು ಊರು ಮುಳುಗ್ತವೆ!" ಎಂದು ಗದರುತ್ತಾರೆ. ರೈತರು ಅಳುಕುತ್ತಾ ಬಂದು, "ಅಣ್ಣಾ, ನಮ್ಮ ಹೊಲ ಇನ್ನೂ ಹಸಿರೇನಾ?" ಎಂದರೆ ಕನ್ನಡಕ ಹಣೆಗೇರಿಸಿ, ನಕ್ಷೆಗೆ ಮೂಗು ತಾಗಿಸಿ ಹುಡುಕಿ, "ಹಸಿರೇ ಕಣಯ್ಯ, ಹೋಗಿ ಕಳೆ ಕೀಳು" ಎನ್ನುತ್ತಾರೆ. ಹಸಿರು ಹಾಕುವಾಗ ನೇಗಿಲು ಒತ್ತಿದ ಹಾಗೆ ಒತ್ತುತ್ತಾರೆ. ಕಾಗದದ ಹಿಂಬದಿಯಲ್ಲೂ ಸಾಲು ಮೂಡಿರುತ್ತದೆ. ಹಳದಿಯನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕು, ಅಷ್ಟು ತೆಳು. "ಏನ್ರೀ, ಬಣ್ಣಕ್ಕೂ ಬರಗಾಲವೇನ್ರೀ?" ಎಂದು ಸಾಹೇಬರು ಎಷ್ಟು ಸಲ ಬೈದರೂ, "ಪೆನ್ಸಿಲ್ ಸರಿಯಿಲ್ಲ ಸಾರ್" ಎಂಬ ಒಂದೇ ಉತ್ತರ. ಕೈಲಾಗದವರು ಎಂದು ನಾವೂ ನಗುತ್ತಿದ್ದೆವು. ಹೋದ ವಾರ ಆದೇಶ ಬಂತು: ಹೊಳೆದಂಡೆಯ ಹೊಲಗಳನ್ನು ಮನೆಗಳಿಗೆ ಬಿಡುವುದಿಲ್ಲ, ಅವು ಮತ್ತೆ ಬೇಸಾಯಕ್ಕೇ. ಅಲ್ಲಿ ಹೊಲವಿರುವ ಅಜ್ಜಿಯೊಬ್ಬಳು ಬೆಳಗ್ಗೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ಹೊಸ ನಕ್ಷೆ ಬರೆಸಲು ಆರು ತಿಂಗಳಾದರೂ ಬೇಕು ಎಂದು ಸಾಹೇಬರು ತಲೆ ಕೆರೆದುಕೊಂಡರು. ಇವರು ರಬ್ಬರ್ ತೆಗೆದು ಎರಡು ಸಲ ಉಜ್ಜಿ, ಉಫ್ ಎಂದು ಊದಿದರು. ಹಳದಿ ಇದ್ದ ಗುರುತೇ ಇಲ್ಲ. "ಇಷ್ಟು ವರ್ಷ ಬೈಸಿಕೊಂಡಿದ್ದು ಇದಕ್ಕೇನಾ?" ಎಂದೆ. ಅವರು ಹಸಿರು ಪೆನ್ಸಿಲಿನ ಮೊನೆ ಚೂಪು ಮಾಡುತ್ತಾ ಅಜ್ಜಿಯನ್ನು ಗದರಿದರು: "ಇನ್ನೂ ಯಾಕಜ್ಜಿ ನಿಂತಿದ್ದೀಯ? ಹೋಗಿ ಕಳೆ ಕೀಳು."