ಇಸ್ತ್ರಿ ಅಕ್ಕ ಸುತ್ತಿಕೊಟ್ಟ ಸುದ್ದಿ

ನಮ್ಮ ಬೀದಿಯಲ್ಲಿ ಯಾರ ಮನೆಗೂ ಇಸ್ತ್ರಿ ಬಟ್ಟೆ ಸುಮ್ಮನೆ ಬರುತ್ತಿರಲಿಲ್ಲ. ಸುದ್ದಿಯ ಸಮೇತ ಬರುತ್ತಿತ್ತು.

ಮೂರು ಮಹಡಿಯ ಮನೆಯೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಕುವಂಥ ಜಾಗದಲ್ಲಿ, ಇಸ್ತ್ರಿ ಅಕ್ಕನ ಮೇಜಿತ್ತು. ಮೇಜಿನ ಮೇಲೆ ನಾಲ್ಕು ಮಡಿಕೆಯ ಹಳೇ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ನೀರಿನ ಡಬ್ಬಿ, ಇಟ್ಟಿಗೆಯ ಮೇಲೆ ಇದ್ದಿಲು ಪೆಟ್ಟಿಗೆ. ಹಿಂದಿನ ಗೋಡೆಗೆ ಒರಗಿದಂತೆ ರದ್ದಿ ಪೇಪರಿನ ಗುಡ್ಡ. ಅದೇ ಮನೆಯ ಮೇಲಿನ ಕೋಣೆಯಲ್ಲಿ ನಾನು ಡಿಗ್ರಿ ಓದುತ್ತಾ ಮೂರು ವರ್ಷ ಇದ್ದೆ. ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿಳಿಯುತ್ತಿದ್ದೆ. ಮೊದಲ ವಾರದಲ್ಲೇ ಅವರು ನನಗೆ ಅಕ್ಕ ಆದರು, ನಾನು ಅವರಿಗೆ ‘ಡಿಗ್ರಿ ತಮ್ಮ’ ಆದೆ. ಅಕ್ಕನ ಗಂಡ ಸಹಜವಾಗಿಯೇ ಭಾವ.

ಭಾವನ ಕೆಲಸ ಸೈಕಲ್ಲಿನಲ್ಲಿ ಬಟ್ಟೆ ತರುವುದು, ತಲುಪಿಸುವುದು, ಮತ್ತು ತಿಂಗಳಿಗೊಮ್ಮೆ ರದ್ದಿ ಅಂಗಡಿಯಿಂದ ಪೇಪರಿನ ಕಟ್ಟು ತರುವುದು. ಮಡಚಿದ ಬಟ್ಟೆಯನ್ನು ಒಂದು ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ, ಮೂಲೆಯಲ್ಲಿ ಪೆನ್ಸಿಲಿನಿಂದ ಮನೆ ನಂಬರು ಬರೆದರೆ ಗಂಟು ಸಿದ್ಧ. ಎಲ್ಲ ಇಸ್ತ್ರಿಯವರೂ ಹೀಗೇ ಮಾಡುತ್ತಾರೆ. ಆದರೆ ಅವರು ಕೈಗೆ ಸಿಕ್ಕ ಹಾಳೆ ಎಳೆಯುತ್ತಾರೆ, ಅಕ್ಕ ಆರಿಸುತ್ತಿದ್ದರು.

ಅಕ್ಕನ ಶಾಲೆ ನಾಲ್ಕನೇ ತರಗತಿಗೆ ಮುಗಿದಿತ್ತು. ಓದು ಕೈಗೆ ಹತ್ತಿದ್ದು ಈ ಮೆಟ್ಟಿಲ ಕೆಳಗೆ. ಪೆಟ್ಟಿಗೆ ಕಾಯುವವರೆಗೆ ಸುಮ್ಮನೆ ಕೂರುವುದು ಯಾಕೆಂದು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದವರು, ಬರಬರುತ್ತ ಓದು ಮುಗಿಯುವವರೆಗೆ ಪೆಟ್ಟಿಗೆಯನ್ನೇ ಕಾಯಿಸುವ ಮಟ್ಟಕ್ಕೆ ಬಂದರು. ಮುಖಪುಟದ ದೊಡ್ಡ ದೊಡ್ಡ ಸುದ್ದಿ ಅವರಿಗೆ ಹಿಡಿಸುತ್ತಿರಲಿಲ್ಲ. “ಇವ್ರು ಅವ್ರನ್ನ ಬೈದ್ರು, ಅವ್ರು ಇವ್ರನ್ನ ಬೈದ್ರು. ಅದನ್ನ ನೋಡೋಕೆ ಪೇಪರ್ ಯಾಕೆ ಬೇಕು, ನಲ್ಲಿ ಹತ್ರ ನಿಂತ್ರೆ ಸಾಕು” ಎನ್ನುವರು. ಒಳಪುಟಗಳ ಮೂಲೆಯಲ್ಲಿ ನಾಲ್ಕು ಬೆರಳಗಲ ಬರುವ ಸುದ್ದಿಗಳ ಮೇಲೇ ಅವರ ಕಣ್ಣು.

ಎಲ್ಲರ ಮೇಲೂ ರೇಗುತ್ತಿದ್ದ ತೆರಿಗೆ ಕಚೇರಿಯ ಗುಮಾಸ್ತರ ಪ್ಯಾಂಟುಗಳ ಮೇಲೆ ಒಮ್ಮೆ ರೈಲು ನಿಲ್ದಾಣದ ನೌಕರನೊಬ್ಬನ ಸುದ್ದಿ ಬಂತು. ಜನ ಮರೆತುಹೋದ ಒದ್ದೆ ಕೊಡೆಗಳನ್ನೆಲ್ಲ ಆತ ಬಿಚ್ಚಿ ಒಣಗಿಸಿ ಇಡುತ್ತಿದ್ದನಂತೆ, ಯಜಮಾನರು ಬರುವ ಹೊತ್ತಿಗೆ ಕೊಳೆಯಬಾರದೆಂದು. ನಡುವೆ ಗೋಡೆ ಎಬ್ಬಿಸಿಕೊಂಡಿದ್ದ ಅಣ್ಣತಮ್ಮಂದಿರ ಎರಡೂ ಮನೆಗೆ, ಹೊಳೆಯ ಆಚೀಚಿನ ಊರಿನವರು ತಾವೇ ಸೇರಿ ಸೇತುವೆ ಕಟ್ಟಿಕೊಂಡ ಸುದ್ದಿ. ನನ್ನ ಪರೀಕ್ಷೆಯ ಹಿಂದಿನ ದಿನ ನನ್ನ ಎರಡು ಅಂಗಿಗಳ ಮೇಲೆ ಬಂದದ್ದು ಓಟದ ಸ್ಪರ್ಧೆಯೊಂದರಲ್ಲಿ ಎಲ್ಲರಿಗಿಂತ ಎರಡು ಗಂಟೆ ತಡವಾಗಿ ಬಂದವನ ಸುದ್ದಿ. ಅವನಿಗಾಗಿ ಕೊನೆಯ ಗೆರೆಯ ಟೇಪನ್ನು ಬಿಚ್ಚದೆ ಹಿಡಿದು ನಿಂತಿದ್ದರಂತೆ. ಹಳ್ಳಿಯಿಂದ ಬಂದು, ಇಂಗ್ಲಿಷಿನ ಪ್ರಶ್ನೆಪತ್ರಿಕೆಯನ್ನು ಎರಡೆರಡು ಸಲ ಓದಿಕೊಳ್ಳಬೇಕಿದ್ದ ನನಗೆ ಆ ಟೇಪು ಇವತ್ತಿಗೂ ಕಣ್ಣ ಮುಂದಿದೆ.

ಅಕ್ಕ ಯಾರಿಗೂ ಬಾಯಿಬಿಟ್ಟು ಬುದ್ಧಿ ಹೇಳಿದವರಲ್ಲ. ಸುದ್ದಿ ಗಂಟಿನ ಮೇಲ್ಭಾಗಕ್ಕೆ ಬರುವಂತೆ ಸುತ್ತುವುದಷ್ಟೇ ಅವರ ಕೆಲಸ. ಜನ ಓದಿಲ್ಲ ಎನ್ನುವಂತೆ ನಟಿಸುತ್ತಿದ್ದರು. ಆದರೆ ‘ಮುಂದುವರಿದ ಭಾಗ ಏಳನೇ ಪುಟಕ್ಕೆ’ ಎಂದು ಸುದ್ದಿ ಅರ್ಧಕ್ಕೆ ನಿಂತಾಗ ಗುಟ್ಟು ರಟ್ಟಾಗುತ್ತಿತ್ತು. ಗುಮಾಸ್ತರು ಬನಿಯನ್ನಿನಲ್ಲೇ ಮೆಟ್ಟಿಲ ಹತ್ತಿರ ಬಂದು, “ಅಲ್ಲಮ್ಮಾ, ಆ ಕೊಡೆಯವನು ಕೊನೆಗೆ ಏನಾದ?” ಎನ್ನುವರು.

“ಏಳನೇ ಪುಟ ಡಾಕ್ಟರಮ್ಮನ ಸೀರೆಗೆ ಹೋಯ್ತು. ಹೋಗಿ ಕೇಳಿ.”

ಹೀಗೆ, ಮಾತಾಡಲು ಕಾರಣವೇ ಇಲ್ಲದವರು ಇದ್ದಕ್ಕಿದ್ದಂತೆ ಒಬ್ಬರ ಬಾಗಿಲು ಒಬ್ಬರು ತಟ್ಟುತ್ತಿದ್ದರು.

ಭಾವ ಇದನ್ನೆಲ್ಲ ನೋಡಿ ನಗುವರು. “ನಮ್ಮನೆ ಸಂಪಾದಕಿ ಇವತ್ತಿನ ಪೇಪರ್ ಓದಲ್ಲ ಸ್ವಾಮಿ. ಮೂರು ತಿಂಗಳು ಹಳೇದಾಗ್ಬೇಕು. ಉಪ್ಪಿನಕಾಯಿ ಥರ.”

ಅಕ್ಕನಿಗೆ ಇನ್ನೊಂದು ಅಭ್ಯಾಸವಿತ್ತು. ಕಳ್ಳ ಸಿಕ್ಕಿಬಿದ್ದ, ಲಾರಿ ಮಗುಚಿತು, ಯಾರನ್ನೋ ಕೆಲಸದಿಂದ ತೆಗೆದರು ಎನ್ನುವ ಸುದ್ದಿ ಬಂದಾಗ, ನಾವೆಲ್ಲ ತಪ್ಪು ಯಾರದು ಎಂದು ಜಗಳಕ್ಕೆ ನಿಂತಿದ್ದರೆ, ಅಕ್ಕ ಪೆಟ್ಟಿಗೆ ಎತ್ತಿ ಇಟ್ಟಿಗೆಯ ಮೇಲಿಟ್ಟು ಕೇಳುವರು: “ಅವತ್ತು ಅವ್ರ ಮನೇಲಿ ಅಡುಗೆ ಯಾರು ಮಾಡಿರ್ತಾರೆ?”

“ನಿನಗೆ ಅಡುಗೆ ಬಿಟ್ರೆ ಬೇರೆ ಚಿಂತೆ ಇಲ್ವೇನೇ?” ಎನ್ನುವರು ಭಾವ.

“ಮಧ್ಯಾಹ್ನ ಆಗ್ಲಿ, ಯಾರಿಗೆ ಚಿಂತೆ ಅಂತ ಗೊತ್ತಾಗುತ್ತೆ.”

ನಾನು ಎರಡನೇ ವರ್ಷದಲ್ಲಿದ್ದಾಗ ಬೀದಿಯ ಕೊನೆಯ ಮನೆಗೆ ಒಬ್ಬ ಮೇಷ್ಟ್ರು ಬಂದರು. ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗಳು. ಯಾವ ಶಾಲೆ ಎಂದು ಕೇಳಿದರೆ “ರಜೆಯಲ್ಲಿದ್ದೀನಿ” ಎನ್ನುವರು. ಎರಡು ತಿಂಗಳಾದರೂ ಆ ರಜೆ ಮುಗಿಯಲಿಲ್ಲ. ತಲೆ ತಗ್ಗಿಸಿ ನಡೆಯುವರು, ಬಟ್ಟೆಯನ್ನು ಗುಂಡಿಗಳನ್ನೆಲ್ಲ ಹಾಕಿ ನೀಟಾಗಿ ಕೊಡುವರು. ಅಂಗಿ ನೋಡಿ ಆಸಾಮಿಯನ್ನು ಅಳೆಯುವ ಅಕ್ಕ, “ಗಣಿತದ ಮೇಷ್ಟ್ರೇ ಇರ್ಬೇಕು, ಒಂದು ಗುಂಡಿನೂ ತಪ್ಪಿಲ್ಲ” ಎಂದರು. ಅದು ನಿಜವೂ ಆಗಿತ್ತು.

ಒಂದು ಗುರುವಾರ ಮೇಷ್ಟ್ರು ತಮ್ಮ ಬಿಳಿ ಅಂಗಿ ಕೊಟ್ಟು, “ಸೋಮವಾರಕ್ಕೆ ಬೇಕು. ಮುಖ್ಯವಾದ ಕೆಲಸ ಇದೆ” ಎಂದು ಭಾವನಿಗೆ ಎರಡೆರಡು ಸಲ ಹೇಳಿದರು. ಅಷ್ಟು ದಿನಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಅಕ್ಕನಿಗೆ ಖುಷಿಯಾಯಿತು. ಗುಡ್ಡವನ್ನೆಲ್ಲ ಕೆದಕಿ ಒಂದು ಹಾಳೆ ಹುಡುಕಿದರು. ಎಪ್ಪತ್ತೊಂದು ವರ್ಷದ ಅಜ್ಜಿಯೊಬ್ಬರು ಏಳನೇ ಪ್ರಯತ್ನದಲ್ಲಿ ಹತ್ತನೇ ತರಗತಿಯ ಗಣಿತ ಪಾಸಾದ ಸುದ್ದಿ, ಸಂಜೆ ಪಾಠ ಹೇಳಿಕೊಟ್ಟ ಮೇಷ್ಟ್ರಿಗೆ ಅಜ್ಜಿ ಹೇಳಿದ ಮಾತಿನ ಸಮೇತ. “ಇದು ಅವರಿಗೇ ಅಂತ ಹೇಳಿ ಬರೆಸಿದ ಹಾಗಿದೆ ನೋಡು” ಎಂದು ನನಗೆ ತೋರಿಸಿ, ಸುದ್ದಿ ಮೇಲೆ ಬರುವಂತೆ ಸುತ್ತಿ, ದಾರ ಕಟ್ಟಿ ಕಳಿಸಿದರು.

ಮರುದಿನ ಬೆಳಿಗ್ಗೆ ಮೇಷ್ಟ್ರೇ ಬಂದರು. ಒಂದು ಕೈಯಲ್ಲಿ ಮುದುಡಿದ ಅಂಗಿ, ಇನ್ನೊಂದರಲ್ಲಿ ಹಾಳೆ. ಗುಮಾಸ್ತರು, ಭಾವ, ನಾನು, ಎಲ್ಲರೂ ಅಲ್ಲೇ ಇದ್ದೆವು.

“ಪ್ರತಿ ಮನೆಗೂ ನೋಡಿ ನೋಡಿ ಹಾಳೆ ಹಾಕ್ತೀರಂತಲ್ಲ?” ಎಂದರು. ದನಿ ಏರಿರಲಿಲ್ಲ, ಅದಕ್ಕೇ ಭಯವಾಯಿತು.

“ಹೌದು ಮೇಷ್ಟ್ರೇ, ಏನೋ ನನಗೆ ತಿಳಿದ ಹಾಗೆ...”

“ನಮ್ಮನೆಗೂ ನೋಡೇ ಹಾಕಿದ್ರಿ. ತಿಳೀತು. ಇನ್ನು ಸೋಮವಾರ ನಾನು ಎಲ್ಲೂ ಹೋಗೋದಿಲ್ಲ. ಭಾನುವಾರ ಮನೆ ಖಾಲಿ ಮಾಡ್ತೀವಿ. ಬೀದಿಗೆಲ್ಲ ಹೇಳಿಬಿಡಿ.” ಅಂಗಿಯನ್ನೂ ಹಾಳೆಯನ್ನೂ ಮೇಜಿನ ಮೇಲಿಟ್ಟು ಹೊರಟೇಹೋದರು.

ಅಕ್ಕ ಹಾಳೆ ತಿರುಗಿಸಿದರು. ಹಿಂಬದಿಯಲ್ಲಿ ಒಂದು ಬಣ್ಣದ ಫೋಟೋ: ಶಾಲೆಯ ಮೆಟ್ಟಿಲು ಇಳಿಯುತ್ತ ಕೈಯಿಂದ ಮುಖ ಮುಚ್ಚಿಕೊಂಡ ಒಬ್ಬ ಮನುಷ್ಯ. ‘ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಬಯಲು: ಶಿಕ್ಷಕ ಅಮಾನತು.’ ಮುಖ ಕಾಣುತ್ತಿರಲಿಲ್ಲ. ಆದರೆ ಅಕ್ಕ ಮುಖ ನೋಡಲೇ ಇಲ್ಲ. ಫೋಟೋದ ಅಂಗಿಯ ಮೂರನೇ ಗುಂಡಿಯನ್ನು ನೀಲಿ ದಾರದಲ್ಲಿ ಹೊಲಿದಿದ್ದರು. ಮೇಜಿನ ಮೇಲಿದ್ದ ಅಂಗಿಯದೂ ಹಾಗೆಯೇ.

ಗಂಟು ಬಿಚ್ಚಿ ಹಾಳೆ ಹರಡಿದರೆ ಮೇಲಿದ್ದದ್ದು ಕೆಳಗಾಗುತ್ತದೆ, ಒಳಗಿದ್ದದ್ದು ಮೇಲೆ ಬರುತ್ತದೆ. ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಅಜ್ಜಿಯಲ್ಲ, ತಮ್ಮದೇ ಫೋಟೋ. ಆರಿಸಿ ಆರಿಸಿ ಹಾಕುವವಳು ಎಂದು ಬೀದಿಯೆಲ್ಲ ಹೆಸರು ಪಡೆದವರು ‘ಗೊತ್ತಿಲ್ಲದೆ ಆಯ್ತು’ ಎಂದರೆ ನಂಬುವವರು ಯಾರು?

“ನಾನು ಇಷ್ಟು ವರ್ಷ ಹಿಂಬದಿ ನೋಡೇ ಇಲ್ವಲ್ಲೋ ತಮ್ಮಾ” ಎಂದರು ಅಕ್ಕ. ಪೆಟ್ಟಿಗೆಯನ್ನು ಗಂಡನ ಕೈಗೆ ಕೊಟ್ಟರು. “ಹಿಡ್ಕೊಳ್ಳಿ. ದಿಂಬಿನ ಕವರ್ ಅರ್ಧ ಆಗಿದೆ.”

“ಅಯ್ಯೋ, ನನಗೆ ಬರಲ್ಲ ಕಣೇ!”

“ಸುಟ್ರೆ ನಮ್ಮ ದಿಂಬಿಗೇ ಹಾಕ್ಕೊಳ್ಳೋಣ. ತಮ್ಮಾ, ನೀನು ಬಾ. ಕಷ್ಟದ ಪದ ಬಂದ್ರೆ ಓದೋಕೆ.”

ಮೇಷ್ಟ್ರ ಮನೆಯಲ್ಲಿ ಆಗಲೇ ಪಾತ್ರೆಗಳು ಡಬ್ಬ ಸೇರಿದ್ದವು. ಸುತ್ತಿಟ್ಟ ಹಾಸಿಗೆಯ ಮೇಲೆ ಮಗಳು ಕೂತಿದ್ದಳು. ಬಾಗಿಲು ತೆಗೆದ ಹೆಂಡತಿ ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

“ತಪ್ಪಾಯ್ತು ಮೇಷ್ಟ್ರೇ” ಎಂದರು ಅಕ್ಕ ಹೊಸ್ತಿಲಲ್ಲೇ ನಿಂತು. “ನಾನು ಆರಿಸಿದ್ದು ನಿಜ. ಆದ್ರೆ ಈ ಕಡೆದನ್ನ. ಆ ಕಡೆ ನೋಡ್ಲಿಲ್ಲ.”

“ಇದನ್ನ ನಾನು ನಂಬಬೇಕಾ?”

“ನಂಬಬೇಡಿ. ಮೊದ್ಲು ಓದಿ, ಆಮೇಲೆ ಬೈರಿ.”

ಮೇಷ್ಟ್ರು ಕೈ ಚಾಚಲಿಲ್ಲ. ಮಗಳೇ ಎದ್ದು ಬಂದು ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ಅಜ್ಜಿಯ ಮಾತು ಬಂತು: “ಆರು ಸಲ ಗಣಿತ ನನ್ನನ್ನು ಸೋಲಿಸಿತು. ಏಳನೇ ಸಲ ಅದಕ್ಕೇ ಸುಸ್ತಾಯಿತು. ನನ್ನ ಮೇಷ್ಟ್ರಿಗೆ ಮಾತ್ರ ಸುಸ್ತಾಗಲೇ ಇಲ್ಲ.” ಓದುತ್ತ ಅವಳಿಗೆ ನಗು ಬಂತು. ಅವಳ ಅಮ್ಮನಿಗೂ ತಡೆಯಲಾಗಲಿಲ್ಲ. ಮೇಷ್ಟ್ರು ಗೋಡೆ ನೋಡುತ್ತಿದ್ದರು. ಆದರೆ ಬಿಗಿದ ಭುಜ ಸ್ವಲ್ಪ ಇಳಿಯಿತು.

ಆಗ ಅಕ್ಕ, ಅವರ ಬಾಯಲ್ಲೇ ನಾನು ನೂರು ಸಲ ಕೇಳಿದ್ದ ಪ್ರಶ್ನೆಯನ್ನು, ಮೊದಲ ಸಲ ಉತ್ತರ ಗೊತ್ತಿರುವವರನ್ನೇ ಕೇಳಿದರು. “ಮೇಷ್ಟ್ರೇ, ಆ ಸುದ್ದಿ ಬಂದ ದಿನ ನಿಮ್ಮನೇಲಿ ಅಡುಗೆ ಯಾರು ಮಾಡಿದ್ರು?”

ಇಂಥ ಪ್ರಶ್ನೆ ಅವರು ನಿರೀಕ್ಷಿಸಿರಲಿಲ್ಲ. ಮಗಳ ಕಡೆ ತಿರುಗಿ ಹೇಳಿದರು. “ಇವಳು. ಮಗಳು. ಅವತ್ತು ನಾವಿಬ್ಬರೂ ಎದ್ದಿರಲಿಲ್ಲ. ಉಪ್ಪು ಎರಡು ಸಲ ಹಾಕಿಬಿಟ್ಟಿದ್ಲು. ಯಾರೂ ಏನೂ ಅನ್ನದೆ ತಿಂದ್ವಿ.”

“ನೀವು ಚೆನ್ನಾಗಿದೆ ಅಂದಿದ್ರಿ!” ಎಂದಳು ಮಗಳು, ಮೋಸ ಈಗ ಗೊತ್ತಾದವಳಂತೆ.

ಆಮೇಲೆ ಮಾತು ತಾನಾಗಿಯೇ ಬಂತು. ಪರೀಕ್ಷೆಯ ದಿನ ಶಾಲೆಯ ಕಪಾಟಿನಲ್ಲಿ ಒಂದೇ ಬಣ್ಣದ ಅರಗಿನ ಮುದ್ರೆಯ ಎರಡು ಪ್ರಶ್ನೆಪತ್ರಿಕೆ ಕಟ್ಟುಗಳಿದ್ದವು. ಇವತ್ತಿನದು ಎಂದುಕೊಂಡು ಮೇಷ್ಟ್ರು ನಾಳೆಯದನ್ನು ಒಡೆದರು. ಹಂಚುವ ಮೊದಲೇ ಕಣ್ಣಿಗೆ ಬಿತ್ತು. ಒಂದು ಮಗುವೂ ನೋಡಿರಲಿಲ್ಲ. ಮತ್ತೆ ಅಂಟಿಸಿ ಇಡಬಹುದಿತ್ತು, ಇಡಲಿಲ್ಲ. ತಾವೇ ಮೇಲಿನವರಿಗೆ ಫೋನು ಮಾಡಿ ತಿಳಿಸಿದರು. ಪತ್ರಿಕೆಯವರು ಬಂದದ್ದು ಅದಾದ ಮೇಲೆ. ಸೋಮವಾರ ಅದೇ ವಿಷಯದ ವಿಚಾರಣೆ.

ಅಕ್ಕ ಹಾಳೆ ಇಸಿದುಕೊಂಡು ಬೆರಳಿಟ್ಟು ಕೊನೆಯ ಸಾಲಿನವರೆಗೂ ಓದಿದರು. ತಿರುಗಿಸಿದರು, ಮತ್ತೆ ತಿರುಗಿಸಿದರು. “ನೀವೇ ಫೋನ್ ಮಾಡಿದ್ದು ಇಲ್ಲಿಲ್ವಲ್ಲ! ಮುಂದುವರಿದ ಭಾಗ ಯಾವ ಪುಟ?”

“ಅದು ಅಚ್ಚಾಗ್ಲಿಲ್ಲಮ್ಮ.”

“ಹಾಗಾದ್ರೆ ಅದು ನಿಮ್ಮ ಹತ್ರ ಇದೆ. ನಮ್ಮ ಗುಮಾಸ್ತರು ಒಂದು ಕೊಡೆ ಕಥೆಯ ಬಾಲಕ್ಕೋಸ್ಕರ ಬನಿಯನ್ನಲ್ಲಿ ನಾಲ್ಕು ಮನೆ ತಿರುಗಿದ್ರು. ನೀವು ನಿಮ್ಮದನ್ನೇ ಡಬ್ಬಕ್ಕೆ ತುಂಬಿ ಕಟ್ಟಿಬಿಟ್ರೆ, ಸೋಮವಾರ ಅಲ್ಲಿ ಕೂತಿರೋರು ಯಾರ ಬಾಗಿಲು ತಟ್ಟಬೇಕು?”

ಮೇಷ್ಟ್ರ ಹೆಂಡತಿ ಮೆಲ್ಲಗೆ ಒಂದು ಡಬ್ಬದ ಹಗ್ಗ ಬಿಚ್ಚಿ ಲೋಟ ಹೊರತೆಗೆದು, “ಕೂತ್ಕೊಳ್ಳಿ, ಟೀ ಮಾಡ್ತೀನಿ” ಎಂದರು.

ಹಿಂದಿರುಗಿದಾಗ ದಿಂಬಿನ ಕವರಿನ ಮೇಲೆ ಪೆಟ್ಟಿಗೆಯ ಆಕಾರದ ಕಂದು ಗುರುತು ಬಿದ್ದಿತ್ತು. “ಹಿಂಬದಿ ಚೆನ್ನಾಗಿದೆ ಕಣೇ” ಎಂದರು ಭಾವ.

ಶನಿವಾರ, ಭಾನುವಾರ ಮೇಷ್ಟ್ರ ಸುಳಿವಿಲ್ಲ. ಸಾಮಾನಿನ ಗಾಡಿಯೂ ಬರಲಿಲ್ಲ. ಅಂಗಿಗೆ ಮತ್ತೆ ಇಸ್ತ್ರಿ ಮಾಡಿ ಅಕ್ಕ ಬರೀ ದಾರ ಕಟ್ಟಿ ಇಟ್ಟಿದ್ದರು. ಯಾವ ಹಾಳೆ ಮುಟ್ಟಲೂ ಕೈ ಬರಲಿಲ್ಲ. ಸೋಮವಾರ ಎಂಟು ಗಂಟೆಗೆ ಮೇಷ್ಟ್ರು ಬಂದರು, ಬಗಲಲ್ಲಿ ಅವತ್ತಿನ ಪೇಪರು. ಅದರಿಂದ ಒಂದು ಹಾಳೆ ಎಳೆದು ಮೇಜಿನ ಮೇಲೆ ಹರಡಿದರು.

“ಇದರಲ್ಲಿ ಸುತ್ತಿ. ಎರಡೂ ಕಡೆ ನೋಡಿದ್ದೀನಿ. ಒಂದು ಕಡೆ ಹವಾಮಾನ, ಇನ್ನೊಂದು ಕಡೆ ಟೈರಿನ ಜಾಹೀರಾತು. ಯಾರಿಗೂ ತೊಂದರೆ ಇಲ್ಲ. ಅಲ್ಲಿಗೆ ಹೋಗಿ ಹಾಕ್ಕೋತೀನಿ, ಬಸ್ಸಲ್ಲಿ ಮುದುಡುತ್ತೆ.”

ವಿಚಾರಣೆ ಎರಡು ದಿನ ನಡೆಯಿತು. ಇನ್ನು ಮುಂದೆ ಕಟ್ಟು ಒಡೆಯುವಾಗ ಜಾಗ್ರತೆ ಎಂದು ಲಿಖಿತ ಎಚ್ಚರಿಕೆ ಕೊಟ್ಟು ಮೇಷ್ಟ್ರನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡರು. ಅವರ ರಜೆ ಮುಗಿಯಿತು.

ಆ ತಿಂಗಳ ಪೇಪರುಗಳು ರದ್ದಿಯಾಗಿ ಮೆಟ್ಟಿಲ ಕೆಳಗೆ ಬರಲು ಮತ್ತೆ ಮೂರು ತಿಂಗಳು ಬೇಕಾಯಿತು. ಬಂದ ದಿನ ಅಕ್ಕ ಪೆಟ್ಟಿಗೆಗೆ ಕೆಂಡವನ್ನೇ ಹಾಕದೆ ಒಂದೊಂದೇ ಹಾಳೆ ಬಿಡಿಸಿ ನೋಡಿದರು. ಅಮಾನತಿನ ಸುದ್ದಿಗೆ ಫೋಟೋ ಸಮೇತ ಕಾಲು ಪುಟ ಕೊಟ್ಟಿದ್ದವರು, ಮರಳಿ ಸೇರಿದ್ದಕ್ಕೆ ಎರಡು ಸಾಲೂ ಕೊಟ್ಟಿರಲಿಲ್ಲ. “ಬಿಡೇ, ನಮ್ಮ ಬೀದಿಗೆ ಗೊತ್ತಲ್ಲ” ಎಂದರು ಭಾವ. ಅಕ್ಕ ಬಿಡಲಿಲ್ಲ, ಕಟ್ಟಿನ ಕೊನೆಯ ಹಾಳೆಯವರೆಗೂ ನೋಡಿದರು.

ಅಂದಿನಿಂದ ನಮ್ಮ ಬಟ್ಟೆಗಳು ಒಂದು ದಿನ ತಡವಾಗಿ ಬರತೊಡಗಿದವು. ನಾನು ಆ ಕೋಣೆ ಬಿಡುವ ಹೊತ್ತಿಗೂ ಹಾಗೇ ಇತ್ತು. ಹೊರಡುವ ದಿನ ನಾನು ಕೆಳಗಿಳಿದಾಗ ಮೇಷ್ಟ್ರ ಮಗಳು ಸೊಂಟದ ಮೇಲೆ ಕೈಯಿಟ್ಟು ಮೇಜಿನ ಮುಂದೆ ನಿಂತಿದ್ದಳು.

“ಅತ್ತೆ, ನನ್ನ ಯೂನಿಫಾರ್ಮ್ ಇಸ್ತ್ರಿ ಆಗಿ ಎಷ್ಟೊತ್ತಾಯ್ತು! ಬೇಗ ಸುತ್ತಿಕೊಡಿ, ಬೆಲ್ ಹೊಡೀತಾರೆ.”

“ತಡಿಯೇ ತಾಯಿ” ಎಂದರು ಅಕ್ಕ, ಬೆರಳು ಸಾಲಿನ ಮೇಲೇ ಇತ್ತು. “ಹಿಂದುಗಡೆ ಇನ್ನೂ ಅರ್ಧ ಪುಟ ಇದೆ.”