ಕಾಲರಮ್ಮನ ಹಾಡಿನ ಎರಡನೇ ಸಾಲು

ಅಂಗಿ ಹೊಲಿಯುವ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಮೂವತ್ತು ಮಿಷನ್ನುಗಳು. ಒಬ್ಬಳು ತೋಳು, ಒಬ್ಬಳು ಜೇಬು, ಒಬ್ಬಳು ಗುಂಡಿ. ಕಾಲರು ಕೂರಿಸುವವಳೇ ನಮ್ಮ ಕಾಲರಮ್ಮ. ಹದಿನೆಂಟು ವರ್ಷದಿಂದ ಕಂಡವರ ಕತ್ತನ್ನೆಲ್ಲ ನೆಟ್ಟಗೆ ನಿಲ್ಲಿಸುತ್ತ ಬಂದು, ತನ್ನ ಕತ್ತನ್ನೇ ಎಡಕ್ಕೆ ವಾಲಿಸಿಕೊಂಡವಳು. ಇದನ್ನು ಬೇರೆಯವರು ಆಡಿಕೊಳ್ಳುವ ಮೊದಲೇ ತಾನೇ ಹೇಳಿ ನಕ್ಕುಬಿಡುತ್ತಾಳೆ.

ಅವಳು ಹಾಡು ಕಟ್ಟುತ್ತಾಳೆ. ಯಾರೂ ಕಲಿಸಿದ್ದಲ್ಲ. ಮಿಷನ್ನಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಹಾಡಾದರೆ ಕೇಳುತ್ತದೆ. ಕಾಲರಿನ ಈ ತುದಿಯಿಂದ ಆ ತುದಿಗೆ ಹೊಲಿಗೆ ಓಡುವಷ್ಟು ಹೊತ್ತು ಒಂದು ಸಾಲು, ದಾರ ಕತ್ತರಿಸುವಾಗ ಒಂದು ಉಸಿರು. ಇವಳು ಒಂದು ಸಾಲು ಎತ್ತಿದರೆ ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಊದಿದ ಕಾಲು, ಗಂಡನ ಗೊರಕೆ, ಸಿಗದ ರಜೆ, ಎಲ್ಲಾ ಹಾಡೇ. ಸಂಗೀತ ಬಲ್ಲವರು ಇದನ್ನು ಹಾಡೇ ಅಲ್ಲ ಅನ್ನಬಹುದು. ಅನ್ನಲಿ, ನಮ್ಮ ಗಂಟೇನು ಹೋಗುತ್ತದೆ?

ಹೋದ ವರ್ಷ ಅವಳು ತನ್ನಕ್ಕನ ಹಾಡು ಕಟ್ಟಿದಳು. ತಾಯಿ ಇಲ್ಲದ ಮನೆಯಲ್ಲಿ ಇವಳ ಮೂಗು ಒರೆಸಿ, ಜಡೆ ಹಾಕಿ ಬೆಳೆಸಿದವಳು ಆ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಒಂದು ಪೆಟ್ಟಿಗೆ ಹಿಡಿದು ತವರಿಗೆ ವಾಪಸ್ಸು ಬಂದಳು. ಗಂಡನ ಮನೆ ಬಿಟ್ಟು ಬಂದವಳಿಗೆ ಇಲ್ಲಿ ಜಾಗವಿಲ್ಲ ಎಂದು ಅಪ್ಪ ಬಾಗಿಲು ಹಾಕಿಸಿದ. ಬೆಳಗಿನಿಂದ ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತಿದ್ದು ಅಕ್ಕ ಎದ್ದು ಹೋದಳು. ಹಾಡಿನ ಎರಡು ಸಾಲು ಎಲ್ಲರ ಬಾಯಿಗೂ ಹತ್ತಿತು:

ಬಾಗಿಲು ಮುಚ್ಚಿತ್ತು ಅಪ್ಪನ ಮನೆಯಲ್ಲಿ
ಅತ್ತಳು ನನ್ನಕ್ಕ ಮೆಟ್ಟಿಲ ಮೇಲೆ

ಯಾರೋ ಫೋನಿನಲ್ಲಿ ಹಿಡಿದರು, ಇನ್ಯಾರಿಗೋ ಕಳಿಸಿದರು. ತಿಂಗಳೊಳಗೆ ಪಕ್ಕದ ಕಾರ್ಖಾನೆಯಲ್ಲೂ ಅದೇ, ಬಸ್ಸಿನಲ್ಲೂ ಅದೇ. ನಮ್ಮ ಮಹಡಿಯ ಮೂಲೆಯ ಇಸ್ತ್ರಿ ವಿಭಾಗದ ದೊಡ್ಡಮ್ಮ ಒಂದು ದಿನ ಕಾಲರಮ್ಮನ ಎರಡೂ ಕೈ ಹಿಡಿದುಕೊಂಡಳು. ಗಂಡನ ಮನೆಯಿಂದ ಓಡಿಬಂದ ಮಗಳನ್ನು ಹಿಂದಕ್ಕೆ ಅಟ್ಟಬೇಕು ಅಂತಿದ್ದಳಂತೆ. ಅಕ್ಕ ಅಳುವ ಸಾಲು ಕಿವಿಯಲ್ಲಿ ಕೂತು, ಎದ್ದು ಬಾಗಿಲು ತೆಗೆದಳಂತೆ. ಅವತ್ತು ಕಾಲರಮ್ಮ ನೆಲದ ಮೇಲೆ ನಡೆಯಲಿಲ್ಲ.

ಆ ಖುಷಿಯನ್ನು ಹೊತ್ತುಕೊಂಡು ಅಕ್ಕನ ಹತ್ತಿರ ಹೋದಳು ನೋಡಿ, ಅಲ್ಲೇ ಎಡವಿದ್ದು.

ಅಕ್ಕ ಹಲ್ಲಿನ ಡಾಕ್ಟರರ ಬಳಿ ಸಹಾಯಕಿ. ಇಪ್ಪತ್ತು ವರ್ಷದಲ್ಲಿ ಆ ಕ್ಲಿನಿಕ್ಕಿನ ಒಂದು ನರಪಿಳ್ಳೆಗೂ ತನ್ನ ಹಿಂದಿನ ಕಥೆ ಹೇಳಿದವಳಲ್ಲ. ಈಗ ಹಾಡು ಕಟ್ಟಿದವಳ ಅಕ್ಕ ಇವಳೇ ಎಂದು ಸುದ್ದಿ ಹರಡಿ, ಬಾಯಿ ತೆರೆದು ಕೂತ ರೋಗಿಗಳೂ, ಆ ಮೆಟ್ಟಿಲ ಮೇಲಿನ ಅಕ್ಕ ನೀವೇನಾ ಎಂದು ಕೇಳಿ ಅಯ್ಯೋ ಪಾಪ ಅನ್ನುತ್ತಿದ್ದರು. ಅವಳು ತಂಗಿಯನ್ನು ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಇಕ್ಕಳಗಳನ್ನು ಒಂದೊಂದಾಗಿ ಒರೆಸಿ ತಟ್ಟೆಯಲ್ಲಿ ಜೋಡಿಸುತ್ತಲೇ ಮಾತಾಡಿದಳು.

"ನಾನು ಅವತ್ತು ಅಳಲಿಲ್ಲ ಕಣೆ. ಒಂದು ಹನಿ ಕೂಡ ಹಾಕ್ಲಿಲ್ಲ. ಅವತ್ತು ನನ್ನ ಹತ್ರ ಉಳಿದಿದ್ದೇ ಆ ಹಟ ಒಂದು. ಕಿಟಕಿ ಹಿಂದೆ ನಿಂತು ಅತ್ತಿದ್ದು ನೀನು. ಅಪ್ಪ ಹೊರಗೆ ಹೋಗಿದ್ರು, ಚಿಲಕ ನಿನ್ನ ಕೈಯಲ್ಲೇ ಇತ್ತು."

ನಿಜವೇ. ಅಪ್ಪ ಮಧ್ಯಾಹ್ನ ಎರಡು ಗಂಟೆ ಕಾಲ ಮನೆಯಲ್ಲಿರಲಿಲ್ಲ. ಹದಿನಾರು ವರ್ಷದ ಹುಡುಗಿ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು, ತೆಗೆಯಲಿಲ್ಲ. ಹಾಡು ಕಟ್ಟುವಾಗ ಕಾಲರಮ್ಮ ತನ್ನ ಅಳುವನ್ನು ಅಕ್ಕನ ಕಣ್ಣಿಗೆ ಹಾಕಿ, ತಾನು ಮೆಲ್ಲಗೆ ಜಾರಿಕೊಂಡಿದ್ದಳು. ಬೇಕೆಂದು ಮಾಡಿದ್ದಲ್ಲ. ಇಷ್ಟು ವರ್ಷದಲ್ಲಿ ಅವಳಿಗೆ ನೆನಪೇ ಹಾಗೆ ಕೂತುಬಿಟ್ಟಿತ್ತು.

"ಆ ಸಾಲು ಬದಲಾಗೋವರೆಗೂ ನನ್ನ ಹತ್ರ ಬರ್ಬೇಡ," ಎಂದಳು ಅಕ್ಕ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹಾಡು ಹೋದರೆ ಇನ್ನೂ ಕಷ್ಟ. ಆದರೂ ಕಾಲರಮ್ಮ ಹಿಂದೆಗೆಯಲಿಲ್ಲ. ಎರಡನೇ ಸಾಲನ್ನು ಬಿಚ್ಚಿ ಹೊಸದಾಗಿ ಕಟ್ಟಿದಳು:

ಅಳಲಿಲ್ಲ ನನ್ನಕ್ಕ, ಚಿಲಕ ತೆಗೆಯದೆ ಒಳಗೆ ನಿಂತು ಅತ್ತವಳು ನಾನೇ

ಊಟದ ಹೊತ್ತಿನಲ್ಲಿ ಎಲ್ಲರಿಗೂ ನಡೆದದ್ದು ನಡೆದ ಹಾಗೇ ಹೇಳಿದಳು. ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ ಡಬ್ಬಿಯ ಅನ್ನ ಹಾಗೇ ಉಳಿಯಿತು. ಹಳೆಯದೇ ಚೆನ್ನಾಗಿತ್ತು ಎಂದು ಒಂದಿಬ್ಬರು ಗೊಣಗಿದರು. ಇಸ್ತ್ರಿ ದೊಡ್ಡಮ್ಮ ತಲೆ ತಗ್ಗಿಸಿದಳು. ಅವಳು ಮಗಳಿಗೆ ಬಾಗಿಲು ತೆಗೆದದ್ದು ಆ ಅಳುವನ್ನು ನಂಬಿ. ಕೊನೆಗೆ, ಅಕ್ಕತಂಗಿ ಒಂದಾಗಲಿ ಎಂದು ಅವಳೂ ಒಪ್ಪಿದಳು. ವಾರಪೂರ್ತಿ ಕೆಲಸದ ನಡುವೆ ಆ ಹಾಡು ಎತ್ತದೆ, ಊಟದ ಹೊತ್ತಿನಲ್ಲಿ ಮೂವತ್ತು ಜನರೂ ಹೊಸ ಸಾಲನ್ನು ತಪ್ಪಿಲ್ಲದೆ ಹೇಳಿ ಒಪ್ಪಿಸಿದರು.

ಶನಿವಾರ ಕಾಲರಮ್ಮ ಅಕ್ಕನಿಗೆ ಫೋನು ಮಾಡಿ, ಸಾಲು ಬದಲಾಗಿದೆ, ನೀನೇ ಕೇಳು ಎಂದಳು. ಫೋನನ್ನು ಮಿಷನ್ನಿನ ಪಕ್ಕ ಬಟ್ಟೆಯ ಮರೆಯಲ್ಲಿಟ್ಟು ಮೊದಲ ಸಾಲು ಎತ್ತಿದಳು. ಮೂವತ್ತು ಮಿಷನ್ನು ಓಡುತ್ತಿದ್ದವು. ಕಲಿತದ್ದೆಲ್ಲ ಮಿಷನ್ನು ನಿಂತಿರುವ ಊಟದ ಹೊತ್ತಿನಲ್ಲಿ ಎಂಬುದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಇಲ್ಲ. ಹೊಸ ಸಾಲು ಉದ್ದ. ಹೊಲಿಗೆ ಕಾಲರಿನ ತುದಿಗೆ ಬಂದರೂ ಸಾಲು ಮುಗಿಯದು. ವರ್ಷದಿಂದ ಪಳಗಿದ ಕೈಗಳು ತುದಿ ಹತ್ತಿರವಾದದ್ದೇ ನಾಲಿಗೆಯನ್ನು ಹಳೆಯ ದಾರಿಗೆ ಎಳೆದವು. ಮೊದಲು ಜೇಬಿನವಳು, ಆಮೇಲೆ ತೋಳಿನವಳು, ನೋಡುನೋಡುತ್ತಲೇ ಇಡೀ ಮಹಡಿ, ಅತ್ತಳು ನನ್ನಕ್ಕ ಮೆಟ್ಟಿಲ ಮೇಲೆ. ಇಸ್ತ್ರಿ ದೊಡ್ಡಮ್ಮ ಕಣ್ಣು ಮುಚ್ಚಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಕಾಲರಮ್ಮ ಒಬ್ಬಳೇ ಹೊಸ ಸಾಲನ್ನು ಕಿರುಚಿ ಕಿರುಚಿ ಹೇಳಿದಳು. ಅದು ಅವಳ ಕಿವಿಗೇ ಬೀಳಲಿಲ್ಲ.

ಫೋನು ಎತ್ತಿ ಕಿವಿಗೆ ಒತ್ತಿದಳು. ಅಕ್ಕ ಇನ್ನೂ ಇದ್ದಳು. ಪೂರ್ತಿ ಕೇಳಿದ್ದಳು.

"ಎಷ್ಟು ಮನಸ್ಸಿಟ್ಟು ಹಾಡ್ತಾರೆ," ಎಂದಳು. "ಹಾಡ್ಲಿ ಬಿಡು. ಇನ್ನು ಫೋನ್ ಮಾಡ್ಬೇಡ."

ಸುತ್ತಲಿನವರಿಗೆ ತಾವು ಮಾಡಿದ್ದು ಆಗಲೂ ತಿಳಿದಿರಲಿಲ್ಲ. ಅಕ್ಕ ಏನಂದ್ರು ಎಂದು ಜೇಬಿನವಳು ಆಸೆಯಿಂದ ಕೇಳಿದಳು. ಚೆನ್ನಾಗಿ ಹಾಡ್ತೀರಂತೆ ಎಂದಳು ಕಾಲರಮ್ಮ. ಅವರೆಲ್ಲ ಹಿಗ್ಗಿಹೋಗಿ ಮತ್ತೆ ಮೊದಲಿಂದ ಶುರುಮಾಡಿದರು.