ಜಾರಿ ಗುಮಾಸ್ತೆ ರೇಣುಕಯ್ಯನವರು ಮತ್ತೆ ಬೆಟ್ಟ ಹತ್ತಿದ್ದು

ಮಧುಗಿರಿಯ ಕೋರ್ಟಿನಲ್ಲಿ ಹದಿನಾರು ವರ್ಷದಿಂದ ಸಮನ್ಸು ಜಾರಿಯ ಕೆಲಸ ನೋಡಿಕೊಳ್ಳುತ್ತಿದ್ದ ಗುಮಾಸ್ತೆ ರೇಣುಕಯ್ಯನವರು, ಮೂವತ್ತಾರನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಂದು ಬೆಳಗ್ಗೆ ತಾವೇ ಜಾರಿಯಾದರು. ಬೆಂಗಳೂರಿನಿಂದ ಬಂದಿದ್ದ ಸಾಹೇಬರ ನೆಂಟರಿಗೆ ಬೆಟ್ಟದ ಕೋಟೆ ತೋರಿಸಿಕೊಂಡು ಇಳಿಯುವಾಗ ನುಣುಪು ಬಂಡೆಯ ಮೇಲೆ ಕಾಲು ತಪ್ಪಿತು. ಕೂತ ಭಂಗಿಯಲ್ಲೇ ಹನ್ನೆರಡು ಗಜ ಇಳಿದುಬಿಟ್ಟರು. ಅವರೇನೋ ಕ್ಷೇಮವಾಗಿ ಕೆಳಗೆ ತಲುಪಿದರು. ಪಂಚೆಯ ಹಿಂಭಾಗ ಮೇಲೆಯೇ ಉಳಿಯಿತು. ನೆಂಟರ ಪೈಕಿ ಹೆಂಗಸರು ಸಭ್ಯತೆಯಿಂದ ಶಿರಾದ ಕಡೆಗೆ ಮುಖ ತಿರುಗಿಸಿ ಬಯಲನ್ನು ಹೊಗಳಿದರು.

ಮನೆಗೆ ಬಂದ ರೇಣುಕಯ್ಯನವರು ಇದನ್ನೆಲ್ಲ ಹೆಂಡತಿ ಜಗದಾಂಬೆಯ ಮುಂದೆ ಅಭಿನಯಿಸಿ ತೋರಿಸಿದರು. ಅವಳು ನಕ್ಕು ಮುಗಿಸುವಷ್ಟರಲ್ಲಿ ಬೇರೆ ಪಂಚೆ ಸುತ್ತಿ, ಕೋಟನ್ನೂ ಬಿಚ್ಚದೆ, ಕೋರ್ಟಿಗೆ ಓಡಿದರು.

ನಗು ನಿಂತದ್ದು ಸಂಜೆ. ಪೂಜೆಗೆಂದು ಕೋಟು ಬಿಚ್ಚಿ ಕೊರಳಿಗೆ ಕೈ ಹಾಕಿದರೆ ಲಿಂಗವಸ್ತ್ರವೇ ಇಲ್ಲ. ಎಂಟನೆಯ ವಯಸ್ಸಿನಲ್ಲಿ ಗುರುಗಳು ಕಟ್ಟಿದ್ದ ಇಷ್ಟಲಿಂಗ, ಮೂವತ್ತು ವರ್ಷ ಎದೆ ಬಿಟ್ಟು ಅಗಲದ್ದು, ಇಲ್ಲ.

"ಮೇಲೆ ಗುಡಿ ಕಟ್ಟೇಲಿ ಸೆಕೆ ಅಂತ ಕೋಟು ಬಿಚ್ಚಿ ತಲೆಗಿಟ್ಕೊಂಡಿದ್ದೆ. ಗಂಟು ಸಡಿಲವಾಗಿತ್ತೋ ಏನೋ," ಎಂದರು. ಅಷ್ಟೇ. ಆಮೇಲೆ ಮಾತಿಲ್ಲ. ಲಿಂಗವಿಲ್ಲದ ಬಾಯಿಗೆ ಅನ್ನವಿಲ್ಲ, ಹನಿ ನೀರೂ ಇಲ್ಲ. ಗಂಡ ಕುಡಿಯದ ಮೇಲೆ ಜಗದಾಂಬೆಯೂ ಕುಡಿಯಲಿಲ್ಲ.

ಅವಳನ್ನು ಕಾಡಿದ್ದು ಬಾಯಾರಿಕೆಯಲ್ಲ. ಗಂಡನ ದೊಡ್ಡಪ್ಪ ನಂದೀಶ್ವರಯ್ಯನವರು ಕಳ್ಳಂಬೆಳ್ಳದ ಕೆರೆಯಲ್ಲಿ ಮೀಯುವಾಗ ಲಿಂಗ ಕಳೆದುಕೊಂಡು, ಏರಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಆರನೆಯ ದಿನ ಪ್ರಾಣ ಬಿಟ್ಟರು. ಮದುವೆಯಿರಲಿ, ಗೃಹಪ್ರವೇಶವಿರಲಿ, ರೇಣುಕಯ್ಯನವರು ಈ ಕಥೆ ಹೇಳದೆ ಎಲೆಯಿಂದ ಏಳುತ್ತಿರಲಿಲ್ಲ. "ಅದು ನಿಷ್ಠೆ ಅಂದ್ರೆ! ನಮ್ಮ ರಕ್ತದಲ್ಲೇ ಇದೆ," ಎಂದು ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದರು. ಹದಿನೆಂಟು ವರ್ಷ ಆ ಕಥೆ ಕೇಳುತ್ತ ಬೇಳೆ ಆರಿಸಿದ್ದ ಜಗದಾಂಬೆಗೆ ಈಗ ನೆನಪಾದದ್ದು ಆ ರಕ್ತದ ಮಾತೊಂದೇ. ದೊಡ್ಡಪ್ಪನಿಗಾದರೋ ಕೆರೆ ಏರಿಯಷ್ಟೇ ಇತ್ತು. ಇವರು ಹುಡುಕಲು ಹೊರಟದ್ದು ಬೆಟ್ಟದ ತುದಿಗೆ.

ಅದಕ್ಕೇ ಮರುದಿನ ನಾಲ್ಕು ಗಂಟೆಗೆ ಅವರು ಲಾಂದ್ರ ಹಿಡಿದಾಗ ಅವಳೂ ಸೆರಗು ಸಿಕ್ಕಿಸಿ ನಿಂತಳು.

"ನೀನ್ಯಾಕೆ? ಮನೇಲಿರು."

"ಹುಡುಕೋಕೆ ನಾಲ್ಕು ಕಣ್ಣಿದ್ರೆ ಒಳ್ಳೇದಲ್ವೇನ್ರೀ."

"ನಿನ್ನೆರಡೂ ನನ್ನ ಮೇಲೇ ಇವೆಯಲ್ಲೇ."

ಅವಳು ಬಾಗಿಲು ಮುಂದೆಳೆದುಕೊಂಡು ಹಿಂದೆಯೇ ಹೊರಟಳು. ಕೋಟೆಯ ಮೊದಲನೆಯ ಬಾಗಿಲು ದಾಟಿ, ಬಂಡೆಗೆ ಕೊರೆದ ಕುಳಿಯಂಥ ಮೆಟ್ಟಿಲು ಶುರುವಾದಾಗ, ತನಗೆ ಜಾರುವ ಹೆದರಿಕೆ ಎಂದು ಸೆರಗಿನ ತುದಿಯನ್ನು ಅವರ ಹೆಗಲ ವಲ್ಲಿಯ ತುದಿಗೆ ಬಿಗಿದಳು. ಬೇರೆ ದಿನವಾಗಿದ್ದರೆ "ಬ್ರಹ್ಮಗಂಟು ಒಂದು ಸಾಲದೇನೇ?" ಎಂದು ಕೆಣಕುತ್ತಿದ್ದ ಮನುಷ್ಯ, ಗಂಟನ್ನು ನೋಡಿ ಸುಮ್ಮನೆ ಹತ್ತತೊಡಗಿದರು. ಆ ಮೌನವೇ ಅವಳನ್ನು ಹೆಚ್ಚು ಹೆದರಿಸಿತು.

ಬೆಳಕು ಹರಿಯುವ ಹೊತ್ತಿಗೆ ಅರ್ಧ ದಾರಿ ಸಾಗಿತ್ತು. ಕೋಟೆಯಡಿಯ ಓಬಕ್ಕ ಆಗಲೇ ಮೇಕೆ ಬಿಟ್ಟುಕೊಂಡು ಬಂಡೆಯ ಮೇಲೆ ಕೂತಿದ್ದಳು.

"ಏನವ್ವಾ, ಈಟೊತ್ಗೇ ಗಂಡ ಎಂಡ್ತಿ ಜೋಡೀಲಿ ಹೊಂಟ್ಬುಟ್ಟಿದ್ದೀರಿ? ತುಟಿಯೆಲ್ಲ ಒಣಗೋಗೈತೆ. ತಗಳಿ, ಬುರುಡೇಲಿ ನೀರೈತೆ."

ಸೋರೆಬುರುಡೆಯೊಳಗೆ ನೀರು ಕುಲುಕಿದ ಸದ್ದು ಜಗದಾಂಬೆಯ ನಾಲಿಗೆಯವರೆಗೂ ಬಂತು. "ಬೇಡ ಓಬಕ್ಕ," ಎಂದಳು.

"ಯಾಕ್ ಬ್ಯಾಡ? ನಮ್ಮ ಕೈ ನೀರು ಅಂತಾನಾ? ಬಂಡೆ ದೊಣೇಲಿ ಮೊಗ್ದಿದ್ದು ಕಣಮ್ಮ. ಬೆಟ್ಟದ್ದು, ನಂದಲ್ಲ."

"ಅಯ್ಯೋ, ಹಂಗಲ್ವೇ... ಇವತ್ತು ಉಪವಾಸ."

"ನೀರೂ ಇಲ್ದಂಗೆ ಅದ್ಯಾವ ಉಪಾಸ? ಅಯ್ನೋರ ಮಕ ನೋಡು, ಸುಟ್ಟ ಬದ್ನೇಕಾಯಿ ಆಗೈತೆ! ಬಿಸ್ಲೇರಿದ್ರೆ ಬಂಡೆ ಹೆಂಚಾಯ್ತದೆ, ಕಾಲಿಡಾಕಾಗಾಕಿಲ್ಲ. ಇಳ್ಕಂಡ್ಬುಡಿ."

ನಿಜ ಹೇಳಿದರೆ ಹೊತ್ತೇರುವ ಮುಂಚೆ ಇಡೀ ಪೇಟೆಗೆ ಗೊತ್ತಾಗುತ್ತದೆ. ಜಗದಾಂಬೆ ಓಬಕ್ಕನ ಸಿಟ್ಟನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹತ್ತಿದಳು. ಮುಂದಿನ ಬಂಡೆ ಗೋಡೆಯ ಹಾಗೆ ನಿಂತಿತ್ತು. ಕೈಯೂರಿ, ಮಂಡಿಯೂರಿ, ಉಸಿರಿಗೊಂದು ಹೆಜ್ಜೆ. ಗಂಡ ತಡವರಿಸಿದಾಗಲೆಲ್ಲ ಸೆರಗು ಬಿಗಿಯುತ್ತಿತ್ತು, ಅವಳು ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ತುದಿ ಮುಟ್ಟಿದಾಗ ಸೂರ್ಯ ಎರಡಾಳೆತ್ತರ ಏರಿದ್ದ.

"ಗಂಟು ಬಿಚ್ಚೇ. ಹೀಗೆ ಕಟ್ಟಿಕೊಂಡು ಹುಡುಕೋಕಾಗುತ್ತಾ?"

ಅವಳು ಒಲ್ಲದ ಮನಸ್ಸಿನಿಂದ ಗಂಟು ಬಿಚ್ಚಿದಳು. ಮುರಿದ ಗುಡಿಯ ಕಟ್ಟೆಯ ಮೇಲೆ ನೋಡಿದರು, ಇಲ್ಲ. ಕಲ್ಲುಸಂದಿಗೆ ಕಡ್ಡಿ ಹಾಕಿ ಕೆದಕಿದರು. ಒಂದು ಓತಿಕ್ಯಾತ ಹೊರಬಂದು ತಲೆಯಾಡಿಸಿ ಹೋಯಿತು. ಒಳಗೆ ಬಾವಲಿಯ ಹಿಕ್ಕೆ, ಒಡೆದ ಹಣತೆ. ಇಲ್ಲ. ಅವಳು ಬಗ್ಗಿ ಕಂಬದ ಬುಡ ತಡವಿ ತಲೆಯೆತ್ತಿದಾಗ ಗಂಡ ಪಕ್ಕದಲ್ಲಿರಲಿಲ್ಲ.

ಬಂಡೆಯ ಅಂಚಿನಲ್ಲಿ, ಕೈ ಇಳಿಬಿಟ್ಟುಕೊಂಡು, ಕೆಳಗೆ ನೋಡುತ್ತ ನಿಂತಿದ್ದರು.

ಕೂಗಿದರೆ ಬೆಚ್ಚಿಬಿದ್ದಾರು. ಬಿಸಿಯೇರುತ್ತಿದ್ದ ಕಲ್ಲಿನ ಮೇಲೆ ಬೆಕ್ಕಿನಂತೆ ಹೆಜ್ಜೆಯಿಟ್ಟು ಹೋಗಿ, ಹಿಂದಿನಿಂದ ಕೋಟಿನ ಚುಂಗನ್ನು ಎರಡೂ ಕೈಯಿಂದ ಹಿಡಿದಳು.

"ಬಿಡೇ."

"ಬಿಡಲ್ಲ."

"ಬಿಡೇ, ಹರಿದೀತು!"

"ಹರೀಲಿ. ಮನೇಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಕಣ್ರೀ..."

"ಇದ್ದಾರೆ, ಯಾರಿಲ್ಲ ಅಂದ್ರು? ಅಲ್ನೋಡು, ಕಾರೆಗಿಡ!"

ಅಂಚಿನಿಂದ ಎರಡು-ಮೂರು ಮೊಳ ಕೆಳಗೆ, ಬಂಡೆಯ ಬಿರುಕಿನಲ್ಲಿ ಹುಟ್ಟಿದ್ದ ಮುಳ್ಳುಗಿಡಕ್ಕೆ ಬಿಳಿ ಬಟ್ಟೆಯ ಗಂಟೊಂದು ಸಿಕ್ಕಿಕೊಂಡಿತ್ತು. ತಿಂಡಿಯ ಗಂಟೆಂದು ಮಂಗ ಎತ್ತಿಕೊಂಡು, ಕಚ್ಚಿ ನೋಡಿ ಬಿಸಾಡಿರಬೇಕು. ಅದರಾಚೆ ಏನೂ ಇರಲಿಲ್ಲ. ಬಹಳ ಕೆಳಗೆ ಊರಿನ ಹೆಂಚುಗಳು ಮಾತ್ರ.

ರೇಣುಕಯ್ಯನವರು ಹೊಟ್ಟೆಯ ಮೇಲೆ ಮಲಗಿ ತೆವಳಿದರು. ಜಗದಾಂಬೆ ಅವರ ಎರಡೂ ಕಾಲುಗಳ ಮೇಲೆ ಭಾರ ಹಾಕಿ ಕೂತಳು. ಎದೆಯವರೆಗೂ ಹೊರಗೆ ಚಾಚಿದರು. ಕೈ ಎಟುಕಲಿಲ್ಲ. ಇನ್ನೊಂದು ಗೇಣು. ಅವಳು ಕಣ್ಣು ಮುಚ್ಚಿಕೊಂಡಳು. ಸಣ್ಣ ಕಲ್ಲೊಂದು ಜಾರಿ ಬಿತ್ತು. ಅದು ಕೆಳಗೆ ಮುಟ್ಟಿದ ಸದ್ದಿಗಾಗಿ ಕಾದಳು, ಕೇಳಿಸಲೇ ಇಲ್ಲ.

"ಎಳಿಯೇ!"

ಎಳೆದಳು. ಬಟ್ಟೆ ಹರಿದಿತ್ತು, ಬೆಳ್ಳಿಯ ಕರಡಿಗೆಯ ಮೇಲೆ ಹಲ್ಲಿನ ಗುರುತಿತ್ತು. ಒಳಗೆ ಲಿಂಗ ಹಾಗೇ ಇತ್ತು.

ಇಬ್ಬರೂ ಸ್ವಲ್ಪ ಹೊತ್ತು ಏಳಲಿಲ್ಲ. ಆಮೇಲೆ ರೇಣುಕಯ್ಯನವರು ಗುಡಿಯ ಪಕ್ಕದ ದೊಣೆಯ ತಳದಲ್ಲಿ ಉಳಿದಿದ್ದ ನೀರನ್ನು ಸೋಸಿ ಲಿಂಗಕ್ಕೆ ಎರೆದು, ಅಂಗೈಯಲ್ಲಿಟ್ಟು ಪೂಜಿಸಿ, ಕಣ್ಣಿಗೊತ್ತಿಕೊಂಡು, ಮೂರು ಗಂಟು ಹಾಕಿ ಕಟ್ಟಿಕೊಂಡರು. ಗಂಡ ಬೊಗಸೆಯಲ್ಲಿ ನೀರು ಕುಡಿದ ಸದ್ದು ಕೇಳಿದ ಮೇಲೆಯೇ ಜಗದಾಂಬೆ ಬಗ್ಗಿ ಕುಡಿದಳು. ಕುಡಿದ ನೀರೆಲ್ಲ ಕಣ್ಣಿಗೇ ಬಂತು.

"ರೀ, ನಿಜ ಹೇಳಿ. ಸಿಗದೇ ಹೋಗಿದ್ರೆ ಏನು ಮಾಡೋರಿದ್ರಿ? ನಿನ್ನೆ ಸಂಜೆಯಿಂದ ಬಾಯಿ ಬಿಡದೆ ಅದನ್ನೇ ತಾನೇ ಯೋಚಿಸ್ತಿದ್ದದ್ದು?"

ರೇಣುಕಯ್ಯನವರು ಮೀಸೆಯ ನೀರು ಒರೆಸಿಕೊಂಡರು.

"ಅದನ್ನೇ. ಹತ್ತೂವರೆ ಬಸ್ಸಿಗೆ ತುಮಕೂರಿಗೆ ಹೋಗೋದು, ಮಠದಲ್ಲಿ ಗುರುಗಳ ಕಾಲಿಗೆ ಬೀಳೋದು, ಇನ್ನೊಂದು ಕಟ್ಟಿಸಿಕೊಂಡು ಸಂಜೆ ಬಸ್ಸಿಗೆ ಬರೋದು. ಆದ್ರೆ ಈ ಜೂನ್‌ವರೆಗೂ ಉಳಿದಿರೋದು ಒಂದೇ ಒಂದು ಕ್ಯಾಷುಯಲ್ ಲೀವು ಕಣೇ."